ಮೊಟ್ಟೆಗೆ ಎರಡು ಹೆಸರಿದ್ದ ಕಾಲ

ಥೇಮ್ಸ್ ನದಿಯಿಂದ ಹೊರಟ ಹಡಗೊಂದು ಗಾಳಿ ಬೀಸದೆ ನಿಂತುಬಿಟ್ಟಿತು. ಅದರಲ್ಲಿದ್ದವರು ಕಡಲು ದಾಟಿ ಜೀಲ್ಯಾಂಡಿಗೆ ಹೊರಟಿದ್ದ ವ್ಯಾಪಾರಿಗಳು. ಗಾಳಿ ಏಳುವವರೆಗೆ ಮಾಡುವುದೇನು? ಹೊಟ್ಟೆಗೇನಾದರೂ ಸಿಕ್ಕೀತೆಂದು ದಡಕ್ಕಿಳಿದರು. ಅವರಲ್ಲಿ ಶೆಫೀಲ್ಡ್ ಎಂಬ ಬಟ್ಟೆ ವ್ಯಾಪಾರಿ ಒಂದು ಮನೆಗೆ ಹೋಗಿ ಊಟ ಕೇಳಿದ, ಅದರಲ್ಲೂ ‘ಎಗ್ಗೆಸ್’ ಬೇಕೆಂದ. ಮನೆಯಾಕೆ ತನಗೆ ಫ್ರೆಂಚ್ ಬರುವುದಿಲ್ಲ ಎಂದುಬಿಟ್ಟಳು. ಶೆಫೀಲ್ಡನಿಗೆ ರೇಗಿತು. ಫ್ರೆಂಚ್ ಅವನಿಗೂ ಬರುತ್ತಿರಲಿಲ್ಲ. ಅವನು ಆಡಿದ್ದು ಇಂಗ್ಲಿಷೇ. ಕೊನೆಗೆ ಜೊತೆಗಿದ್ದವನೊಬ್ಬ ‘ಐರೆನ್’ ಬೇಕಂತೆ ಎಂದಾಗ ಆಕೆಗೆ ತಿಳಿಯಿತು: ಓ, ಮೊಟ್ಟೆಯೇ!

ಇದನ್ನು ಬರೆದಿಟ್ಟವನು ವಿಲಿಯಂ ಕ್ಯಾಕ್ಸ್‌ಟನ್, 1476ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಅಚ್ಚುಕೂಟ ತೆರೆದವನು. 1490ರಲ್ಲಿ ಅಚ್ಚು ಮಾಡಿದ ಪುಸ್ತಕವೊಂದರ ಮುನ್ನುಡಿಯಲ್ಲಿ ಈ ಪ್ರಸಂಗ ಹೇಳಿ ಅವನು ತಲೆಯ ಮೇಲೆ ಕೈಹೊತ್ತು ಕೂತಿದ್ದಾನೆ. ‘ಎಗ್ಗೆಸ್’ ಎಂದು ಅಚ್ಚು ಮಾಡಲೋ, ‘ಐರೆನ್’ ಎಂದೋ? ಎಲ್ಲರಿಗೂ ಅರ್ಥವಾಗುವ ಮಾತು ಯಾವುದು? ಮುದ್ರಕನ ಕಷ್ಟ ಮುದ್ರಕನಿಗೇ ಗೊತ್ತು.

ಆ ಹೆಂಗಸು ಪರಕೀಯ ಪದವನ್ನು ಪರಕೀಯವೆಂದು ಸರಿಯಾಗಿಯೇ ಗುರುತಿಸಿದ್ದಳು, ತಪ್ಪಿದ್ದು ಊರು ಮಾತ್ರ. ‘ಎಗ್’ ಬಂದದ್ದು ಫ್ರಾನ್ಸಿನಿಂದಲ್ಲ, ಆರುನೂರು ವರ್ಷ ಹಿಂದೆ ದೋಣಿ ಏರಿ ಬಂದ ವೈಕಿಂಗರಿಂದ. ‘ಐರೆನ್’ ಮನೆಮಗಳು. ಆದರೂ ಇಂದು ಮನೆಯಲ್ಲಿ ಉಳಿದಿರುವುದು ‘ಎಗ್’. ‘ಐರೆನ್’ ಎಂದರೆ ಇಂಗ್ಲಿಷರೂ ಮುಖಮುಖ ನೋಡುತ್ತಾರೆ.

ಇಂಗ್ಲಿಷು ಲೋಕದ ಭಾಷೆಗಳಿಂದೆಲ್ಲ ಪದಗಳನ್ನು ಎರವಲು ತಂದಿತು ಎನ್ನುವುದು ವಾಡಿಕೆಯ ಮಾತು. ನನಗೆ ‘ಎರವಲು’ ಅಷ್ಟು ಸರಿ ಕಾಣುವುದಿಲ್ಲ. ಎರವಲಿಗೆ ಹೋಗುವವರು ಬೇಕಾಗಿ ಹೋಗುತ್ತಾರೆ, ಪಕ್ಕದ ಮನೆಗೆ ಹೆಪ್ಪಿಗೆ ಮೊಸರು ಕೇಳಲು ಹೋದಹಾಗೆ. ಇಂಗ್ಲಿಷಿಗೆ ಹಾಗೆ ಬೇಕಾಗಿ ಬಂದ ಪದಗಳೂ ಉಂಟು. ಆದರೆ ಬಹಳಷ್ಟು ಪದಗಳು ಯಾರೂ ಕೇಳದೆಯೇ ಒಳಗೆ ಬಂದವು. ಕೆಲವು ಕೊಡಲಿ ಹಿಡಿದು ಬಂದು ಆಮೇಲೆ ನೆಂಟರಾದವು, ಕೆಲವು ಯಜಮಾನರಾಗಿ ಬಂದವು, ಕೆಲವನ್ನು ಪಂಡಿತರು ತಂದು ಕೂರಿಸಿದರು. ಯಾರ ಜೊತೆ ಬಂತು ಎಂಬ ವಾಸನೆ ಈಗಲೂ ಪದಕ್ಕಿದೆ.

ವೈಕಿಂಗರು 793ರಲ್ಲಿ ಲಿಂಡಿಸ್‌ಫಾರ್ನ್ ಎಂಬ ಪುಟ್ಟ ದ್ವೀಪದ ಮಠವನ್ನು ಸುಲಿದರು. 865ರಲ್ಲಿ ಬಂದದ್ದು ಬರಿಯ ಸುಲಿಗೆಯ ತಂಡವಲ್ಲ, ದೊಡ್ಡ ಸೇನೆ. ಒಂದೊಂದೇ ರಾಜ್ಯ ಬಿತ್ತು. 878ರಲ್ಲಿ ಎಡಿಂಗ್ಟನ್ನಿನ ಹತ್ತಿರ ಆಲ್ಫ್ರೆಡ್ ರಾಜ ಅವರನ್ನು ತಡೆದ ಮೇಲೆ ದೇಶ ಹೆಚ್ಚುಕಡಿಮೆ ಎರಡು ಪಾಲಾಯಿತು. ಉತ್ತರ ಮತ್ತು ಪೂರ್ವದ ಸೀಮೆಯಲ್ಲಿ ಡೇನರ, ಅಂದರೆ ಈ ವೈಕಿಂಗರ, ಕಾನೂನು ನಡೆಯುತ್ತಿತ್ತು. ಸೈನಿಕರು ಅಲ್ಲೇ ಹೊಲ ಹಿಡಿದರು, ಅಲ್ಲೇ ಮದುವೆಯಾದರು. ಗ್ರಿಮ್ಸ್‌ಬಿ, ವಿಟ್ಬಿ, ಡರ್ಬಿ ಎಂದು ‘ಬಿ’ಯಲ್ಲಿ ಮುಗಿಯುವ ಊರುಗಳೆಲ್ಲ ಅವರವು, ‘ಬಿ’ ಎಂದರೆ ನಮ್ಮ ‘ಹಳ್ಳಿ’ ಇದ್ದಹಾಗೆ. ಊರಿನವರು ತಮಗೆ ತಾವೇ ಮಾಡಿಕೊಂಡ ಕಟ್ಟಳೆ ‘ಬೈಲಾ’. ನಮ್ಮ ಹಳ್ಳಿಯ ಹಾಲಿನ ಸಂಘದ ಸಭೆಯಲ್ಲಿ ಯಾರಾದರೂ ಎದ್ದುನಿಂತು ‘ಬೈಲಾ ಪ್ರಕಾರ ಇದು ಆಗೋದಿಲ್ಲ’ ಎಂದರೆ, ಆ ಮಾತಿನ ಬೇರು ವೈಕಿಂಗರ ಹಳ್ಳಿಕಟ್ಟೆಯಲ್ಲಿದೆ.

ಅವರ ಭಾಷೆಗೂ ಹಳೆಯ ಇಂಗ್ಲಿಷಿಗೂ ಇದ್ದ ದೂರ ಕಡಿಮೆ. ಕಷ್ಟಪಟ್ಟರೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿತ್ತು. ಹಾಗಾಗಿ ಬಂದ ಪದಗಳೂ ಅಡುಗೆಮನೆ, ಅಂಗಳ, ಮೈಕೈಯವು. ಆಕಾಶಕ್ಕೆ ಸ್ಕೈ, ಚರ್ಮಕ್ಕೆ ಸ್ಕಿನ್, ಚಾಕುವಿಗೆ ನೈಫ್, ಸಿಟ್ಟಿಗೆ ಆಂಗರ್. ಮನೆಯೊಡೆಯನಿಗೆ ಇದ್ದ ಹಸ್ಬೆಂಡ್ ಎಂಬ ಹೆಸರು ಗಂಡನಿಗೆ ಅಂಟಿಕೊಂಡಿತು. ಹಳೆಯ ಇಂಗ್ಲಿಷಿನಲ್ಲಿ ‘ಸ್ಕ’ ಸದ್ದು ‘ಷ’ ಆಗಿಹೋಗಿತ್ತು, ವೈಕಿಂಗರ ಬಾಯಲ್ಲಿ ಹಾಗೇ ಉಳಿದಿತ್ತು. ಆದ್ದರಿಂದ ಷರ್ಟ್ ಮತ್ತು ಸ್ಕರ್ಟ್ ಹುಟ್ಟಿನಲ್ಲಿ ಒಂದೇ ಬಟ್ಟೆ. ಎರಡು ಬಾಯಲ್ಲಿ ಎರಡು ಹೆಸರಾಗಿ, ಕೊನೆಗೆ ಒಂದು ಸೊಂಟದ ಮೇಲಕ್ಕೆ ಹೋಯಿತು, ಇನ್ನೊಂದು ಕೆಳಕ್ಕೆ.

ವಿಂಡೋ ಕೂಡ ಅವರದೇ. ಅವರ ಭಾಷೆಯಲ್ಲಿ ಅದು ‘ಗಾಳಿಯ ಕಣ್ಣು’. ನಮ್ಮ ಕವಿಗಳ ಗವಾಕ್ಷವೂ ಕಣ್ಣೇ, ಆದರೆ ಗೋವಿನದು. ಆಡುಮಾತಿನ ಕಿಟಕಿ ಉತ್ತರದಿಂದ ಇಳಿದದ್ದು, ಕೊಂಕಣಿಯ ‘ಜನೆಲ್’ ಪೋರ್ಚುಗೀಸರು ಬಿಟ್ಟುಹೋದದ್ದು. ಗೋಡೆಯಲ್ಲಿ ಒಂದು ತೂತು ಕೊರೆಯುವುದಕ್ಕೆ ಎಲ್ಲರೂ ಹೊರಗಿನವರ ಮಾತನ್ನೇ ಕರೆದಂತಿದೆ.

ಇಷ್ಟು ಪದಗಳು ಬಂದದ್ದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಒಂದು ಸರ್ವನಾಮ ಬಂದದ್ದು. ‘ಅವರು’ ಎಂಬುದಕ್ಕೆ ಇಂಗ್ಲಿಷಿನಲ್ಲಿರುವ ‘ದೇ’ ವೈಕಿಂಗರದು. ಹಳೆಯ ಇಂಗ್ಲಿಷಿನ ‘ಅವನು’, ‘ಅವಳು’, ‘ಅವರು’ಗಳ ಉಚ್ಚಾರ ಸವೆದು ಸವೆದು ಒಂದಕ್ಕೊಂದು ತೀರ ಹತ್ತಿರವಾಗಿದ್ದವು, ಆ ಗೊಂದಲದಲ್ಲಿ ಉತ್ತರದ ‘ದೇ’ ನಿಧಾನವಾಗಿ ದಕ್ಷಿಣಕ್ಕೆ ಇಳಿಯಿತು. 1400ರಲ್ಲಿ ತೀರಿಕೊಂಡ ಚಾಸರ್ ಕವಿ ‘ಅವರು’ ಎನ್ನಲು ‘ದೇ’ ಬಳಸುತ್ತಾನೆ. ‘ಅವರನ್ನು’, ‘ಅವರ’ ಎನ್ನುವಾಗ ಮಾತ್ರ ಹಳೆಯ ರೂಪಕ್ಕೇ ಮರಳುತ್ತಾನೆ. ಅರ್ಧ ಬದಲಾದ ಮನೆ. ಭಾಷೆಗಳು ಹೆಸರುಗಳನ್ನು ಸುಲಭವಾಗಿ ತೆಗೆದುಕೊಳ್ಳುತ್ತವೆ. ಸರ್ವನಾಮಕ್ಕೆ ಕೈಹಾಕುವುದು ಅಪರೂಪ. ನಮ್ಮ ‘ಅವರು’ ಹೋಗಿ ಅಲ್ಲಿ ತೆಲುಗಿನ ‘ವಾಳ್ಳು’ ಬಂದು ಕೂತರೆ ಹೇಗಿರುತ್ತದೆ ಎಂದು ಊಹಿಸಿಕೊಂಡರೆ ಆ ಎರಡು ಜನ ಎಷ್ಟು ಬೆರೆತಿದ್ದರು ಎಂಬುದು ತಿಳಿದೀತು.

1066ರ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್ ಬಳಿ ನಡೆದದ್ದು ಬೇರೆ ಬಗೆಯ ಆಗಮನ. ನಾರ್ಮಂಡಿಯ ವಿಲಿಯಂ ಗೆದ್ದ. ಇಪ್ಪತ್ತು ವರ್ಷದ ಮೇಲೆ, 1086ರಲ್ಲಿ, ನೆಲದ ಲೆಕ್ಕ ಬರೆಸಿದಾಗ ದೊಡ್ಡ ಜಮೀನ್ದಾರರಲ್ಲಿ ಇಂಗ್ಲಿಷರನ್ನು ಬೆರಳಲ್ಲಿ ಎಣಿಸಬಹುದಿತ್ತು. ಆಳುವವರ ಮಾತು ಫ್ರೆಂಚ್, ಇಗರ್ಜಿಯದು ಲ್ಯಾಟಿನ್, ಉಳುವವರದು ಇಂಗ್ಲಿಷ್. ಕಿಂಗ್ ಮತ್ತು ಕ್ವೀನ್ ಹೇಗೋ ಇಂಗ್ಲಿಷಾಗಿಯೇ ಉಳಿದರು. ಅವರ ಸುತ್ತಲಿನ ಕೋರ್ಟು, ಕ್ರೌನು, ಪ್ರಿನ್ಸು, ಜಡ್ಜು, ಜ್ಯೂರಿ, ಪಾರ್ಲಿಮೆಂಟು, ಜೈಲು, ಟ್ಯಾಕ್ಸು ಎಲ್ಲವೂ ಫ್ರೆಂಚಾದವು.

ಕನ್ನಡ ಓದುಗರಿಗೆ ಇದು ಹೊಸ ಕಥೆಯಲ್ಲ. ಬಿಜಾಪುರದ ಸುಲ್ತಾನರಿಂದ ಹಿಡಿದು ಹೈದರ್ ಟಿಪ್ಪುವರೆಗಿನ ಕಚೇರಿಗಳು ನಮಗೆ ಅರ್ಜಿ, ದಾಖಲೆ, ಖಜಾನೆ, ತಾಲ್ಲೂಕು, ಜಿಲ್ಲೆಗಳನ್ನು ಕೊಟ್ಟವು. ‘ರೈತ’ ಎಂಬ ಮಾತೇ ಅರಬ್ಬಿಯ ‘ರಯ್ಯತ್’, ಅಂದರೆ ಪ್ರಜೆ, ಕಂದಾಯ ಕಟ್ಟುವವನು. ಅದೇ ಪದವನ್ನು ಇಂಗ್ಲಿಷರೂ ‘ರೈಯಟ್’ ಮಾಡಿಕೊಂಡು ತಮ್ಮ ಕಂದಾಯದ ಪುಸ್ತಕಕ್ಕೆ ಸೇರಿಸಿದರು. ನಾವು ಈಗಲೂ ‘ಕಾಗದಪತ್ರ’ ಎನ್ನುತ್ತೇವೆ. ಕಾಗದ ಪಾರಸಿಯ ಕಡೆಯದು, ಪತ್ರ ಸಂಸ್ಕೃತದ್ದು. ಇಂಗ್ಲಿಷ್ ವಕೀಲರು ಉಯಿಲಿಗೆ ‘ವಿಲ್ ಅಂಡ್ ಟೆಸ್ಟಮೆಂಟ್’ ಎಂದು ಬರೆಯುವುದೂ ಇದೇ ಬುದ್ಧಿಯಿಂದ. ವಿಲ್ ಇಂಗ್ಲಿಷಿನದು, ಟೆಸ್ಟಮೆಂಟ್ ಲ್ಯಾಟಿನ್ನಿನದು. ಒಂದು ಕೈತಪ್ಪಿದರೂ ಇನ್ನೊಂದು ಹಿಡಿದೀತು ಎಂಬ ಎಚ್ಚರ.

ನಾರ್ಮನ್ನರ ಮಾತು ಬಂದರೆ ದನ ಮತ್ತು ದನದ ಮಾಂಸದ ಕಥೆಯನ್ನು ಹೇಳದೆ ಯಾರೂ ಬಿಡುವುದಿಲ್ಲ. ಕೊಟ್ಟಿಗೆಯಲ್ಲಿರುವಾಗ ಇಂಗ್ಲಿಷಿನ ಕೌ, ಶೀಪ್, ಸ್ವೈನ್. ತಟ್ಟೆಗೆ ಬಂದಾಗ ಫ್ರೆಂಚಿನ ಬೀಫ್, ಮಟನ್, ಪೋರ್ಕ್. ಸಾಕುವವನು ಸೋತವನು, ತಿನ್ನುವವನು ಗೆದ್ದವನು. 1819ರಲ್ಲಿ ವಾಲ್ಟರ್ ಸ್ಕಾಟ್ ‘ಐವನ್‌ಹೋ’ ಕಾದಂಬರಿಯಲ್ಲಿ ವಿದೂಷಕನೊಬ್ಬನ ಬಾಯಲ್ಲಿ ಇದನ್ನು ಆಡಿಸಿದ ಮೇಲೆ ಇದು ಮನೆಮಾತಾಯಿತು. ಕಥೆ ಚೆನ್ನಾಗಿದೆ, ಸ್ವಲ್ಪ ಹೆಚ್ಚೇ ಚೆನ್ನಾಗಿದೆ. ಮಧ್ಯಯುಗದ ಬರಹಗಳಲ್ಲಿ ಕಾಲಮೇಲೆ ನಿಂತ ಜೀವಂತ ಎತ್ತನ್ನೂ ‘ಬೀಫ್’ ಎಂದು ಕರೆದದ್ದುಂಟು. ಕೊಟ್ಟಿಗೆಗೂ ತಟ್ಟೆಗೂ ನಡುವೆ ಅಷ್ಟು ನೇರವಾದ ಗೆರೆ ಬಿದ್ದದ್ದು ಬಹಳ ತಡವಾಗಿ.

ಇನ್ನೊಂದು ಸಂಗತಿ ಅಷ್ಟು ಜನರ ಬಾಯಲ್ಲಿಲ್ಲ, ಆದರೆ ಅದು ಹೆಚ್ಚು ಸೋಜಿಗದ್ದು. ಫ್ರೆಂಚ್ ಪದಗಳು ಪ್ರವಾಹದಂತೆ ನುಗ್ಗಿದ್ದು ಗೆದ್ದ ಕೂಡಲೇ ಅಲ್ಲ. ಪೀಟರ್‌ಬರೋ ಮಠದ ಸನ್ಯಾಸಿಗಳು 1154ರವರೆಗೂ ಇಂಗ್ಲಿಷಿನಲ್ಲಿ ಬರೆದುಕೊಂಡು ಬಂದ ವೃತ್ತಾಂತದಲ್ಲಿ ಅವು ವಿರಳ. 1204ರಲ್ಲಿ ಜಾನ್ ರಾಜ ನಾರ್ಮಂಡಿಯನ್ನೇ ಕಳೆದುಕೊಂಡ. ಆಚೆ ದಡದ ಆಸ್ತಿ ಹೋದ ಮೇಲೆ ಶ್ರೀಮಂತರಿಗೆ ಈಚೆ ದಡವೇ ಗತಿಯಾಯಿತು. ಅವರ ಮಕ್ಕಳು ಮೊಮ್ಮಕ್ಕಳು ಇಂಗ್ಲಿಷಿಗೆ ತಿರುಗತೊಡಗಿದರು. ಹಾಗೆ ತಿರುಗುವಾಗ ಬರಿಗೈಯಲ್ಲಿ ಬರಲಿಲ್ಲ. ಬಟ್ಟೆ, ಊಟ, ಬೇಟೆ, ಪ್ರೇಮ, ಕಾನೂನು ಎಲ್ಲಕ್ಕೂ ಬಾಯಲ್ಲಿ ರೂಢಿಯಾಗಿದ್ದ ಫ್ರೆಂಚ್ ಪದಗಳನ್ನು ಹೊತ್ತುಕೊಂಡೇ ಬಂದರು. 1250ರಿಂದ 1400ರವರೆಗಿನ ನೂರೈವತ್ತು ವರ್ಷಗಳಲ್ಲೇ ಸುಗ್ಗಿ. ಅಂದರೆ ಫ್ರೆಂಚ್ ಗೆದ್ದಾಗ ಇಂಗ್ಲಿಷು ಅಷ್ಟಾಗಿ ಬದಲಾಗಲಿಲ್ಲ, ಫ್ರೆಂಚ್ ಸೋಲತೊಡಗಿದಾಗ ಬದಲಾಯಿತು.

1362ರಲ್ಲಿ, ಜನರಿಗೆ ಫ್ರೆಂಚ್ ತಿಳಿಯುತ್ತಿಲ್ಲ, ಇನ್ನು ನ್ಯಾಯಾಲಯದ ವಾದ ಇಂಗ್ಲಿಷಿನಲ್ಲಿ ನಡೆಯಲಿ ಎಂದು ಕಾಯ್ದೆಯಾಯಿತು. ಆ ಕಾಯ್ದೆಯನ್ನು ಬರೆದದ್ದು ಮಾತ್ರ ಫ್ರೆಂಚಿನಲ್ಲಿ. ಕನ್ನಡದಲ್ಲೇ ವ್ಯವಹರಿಸಿ ಎಂಬ ಸುತ್ತೋಲೆ ಇಂಗ್ಲಿಷಿನಲ್ಲಿ ಬಂದಾಗ ನಗುವವರು ಇದನ್ನು ನೆನೆಯಬಹುದು.

ಮುಂದಿನ ಸರದಿ ಪಂಡಿತರದು. ಹದಿನಾರನೆಯ ಶತಮಾನದಲ್ಲಿ ಲ್ಯಾಟಿನ್, ಗ್ರೀಕ್ ಗ್ರಂಥಗಳು ಇಂಗ್ಲಿಷಿಗೆ ಇಳಿಯತೊಡಗಿದವು, ಜೊತೆಗೆ ಪದಗಳೂ ಮೂಟೆಗಟ್ಟಲೆ ಬಂದವು. ಇಂಥವನ್ನು ಹಾಸ್ಯಕ್ಕೆ ‘ಇಂಕ್‌ಹಾರ್ನ್’ ಪದಗಳು ಎನ್ನುತ್ತಿದ್ದರು; ಇಂಕ್‌ಹಾರ್ನ್ ಎಂದರೆ ಮಸಿ ತುಂಬಿಡುವ ಕೊಂಬು. 1553ರಲ್ಲಿ ಥಾಮಸ್ ವಿಲ್ಸನ್ ತನ್ನ ಅಲಂಕಾರಶಾಸ್ತ್ರದ ಪುಸ್ತಕದಲ್ಲಿ ಇಂಥ ಪದಗಳನ್ನೇ ಪೋಣಿಸಿದ ಒಂದು ಅಣಕು ಪತ್ರ ಬರೆದು ನಗಾಡಿದ. ಕೇಂಬ್ರಿಜ್ಜಿನ ಗ್ರೀಕ್ ಪಂಡಿತ ಜಾನ್ ಚೀಕ್ ಇನ್ನೂ ಮುಂದೆ ಹೋಗಿ ಮತ್ತಾಯನ ಸುವಾರ್ತೆಯನ್ನು ಅಚ್ಚ ಇಂಗ್ಲಿಷಿನಲ್ಲಿ ಅನುವಾದಿಸಲು ಕೂತ. ನೂರು ಜನ ಸೈನಿಕರ ನಾಯಕ ಲ್ಯಾಟಿನ್ನಿನ ‘ಸೆಂಚುರಿಯನ್’ ಬದಲು ‘ಹಂಡ್ರೆಡರ್’ ಆದ; ಚಂದ್ರನ ಹುಚ್ಚು ಹಿಡಿದ ‘ಲೂನಾಟಿಕ್’ ಅಲ್ಲಿ ‘ಮೂನ್ಡ್’.

ನಮ್ಮ ಆಂಡಯ್ಯ ನೆನಪಾಗುತ್ತಾನಲ್ಲವೆ? ಹದಿಮೂರನೆಯ ಶತಮಾನದಲ್ಲೇ ಅವನು ಸಂಸ್ಕೃತದ ತತ್ಸಮಗಳನ್ನು ಹತ್ತಿರ ಸೇರಿಸದೆ, ದೇಶ್ಯ ಮತ್ತು ತದ್ಭವಗಳಲ್ಲೇ ‘ಕಬ್ಬಿಗರ ಕಾವ’ ಬರೆದ. ಚೀಕನಿಗಿಂತ ಮೂರು ಶತಮಾನ ಮೊದಲು, ಮತ್ತು ಚೀಕನಿಗಿಂತ ಚೆನ್ನಾಗಿ. ಚೀಕ್ ತನ್ನ ಅನುವಾದವನ್ನು ಮುಗಿಸಲೇ ಇಲ್ಲ. ಇಬ್ಬರ ದಾರಿಯಲ್ಲೂ ಮುಂದೆ ಜನ ಹಿಂಡಾಗಿ ನಡೆಯಲಿಲ್ಲ ಎನ್ನುವುದು ಬೇರೆ ಮಾತು.

ಪಂಡಿತರು ಇನ್ನೊಂದು ಕೆಲಸ ಮಾಡಿದರು, ಅದರ ಫಲವನ್ನು ಶಾಲೆಯ ಮಕ್ಕಳು ಇಂದಿಗೂ ಉಣ್ಣುತ್ತಿದ್ದಾರೆ. ಸಾಲಕ್ಕೆ ಇಂಗ್ಲಿಷಿನಲ್ಲಿ ‘ಡೆಟ್’. ಅದು ಫ್ರೆಂಚಿನ ಮೂಲಕ ಬಂದಾಗ ಅದರಲ್ಲಿ ‘ಬಿ’ ಅಕ್ಷರ ಇರಲಿಲ್ಲ, ಉಚ್ಚಾರದಂತೆಯೇ ಬರೆಯುತ್ತಿದ್ದರು. ಲ್ಯಾಟಿನ್ನಿನ ಮೂಲದಲ್ಲಿ ‘ಡೆಬಿಟುಂ’ ಇದೆಯಲ್ಲ ಎಂದು ಓದಿದವರು ನಡುವೆ ಒಂದು ‘ಬಿ’ ಸಿಕ್ಕಿಸಿದರು. ‘ಡೌಟ್’ಗೂ ಅದೇ ಉಪಚಾರ. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಒಳ್ಳೆಯ ತದ್ಭವಕ್ಕೆ ತತ್ಸಮದ ವೇಷ ಹಾಕಿದರು. ಬಾಯಿ ಒಪ್ಪಲಿಲ್ಲ, ಆದರೆ ಬರವಣಿಗೆ ಬಿಡಲಿಲ್ಲ.

ಪದಗಳು ಇಷ್ಟು ಬಂದಮೇಲೆ ಇಂಗ್ಲಿಷರಿಗೇ ತಮ್ಮ ಭಾಷೆ ತಿಳಿಯದಾಯಿತು. ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಅರ್ಥ ಹೇಳುವ ಮೊದಲ ನಿಘಂಟು, 1604ರಲ್ಲಿ ರಾಬರ್ಟ್ ಕಾಡ್ರಿ ಮಾಡಿದ್ದು, ಹೊರಗಿನಿಂದ ಬಂದ ಕಷ್ಟಪದಗಳಿಗಾಗಿಯೇ ಹುಟ್ಟಿತು. ಸುಮಾರು 2,500 ಪದಗಳು. ಹೆಂಗಸರಿಗೆ ಮತ್ತು ಹೆಚ್ಚು ಓದದವರಿಗೆ ಅನುಕೂಲವಾಗಲೆಂದು ಅವನೇ ಹೇಳಿಕೊಂಡಿದ್ದಾನೆ. ಮೊದಲ ಮುದ್ರಣದ ಒಂದೇ ಒಂದು ಪ್ರತಿ ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಉಳಿದಿದೆ.

ಆ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪನಿಗೆ ನಾಲ್ಕು ವರ್ಷ ವಯಸ್ಸು. ಆದರೆ ನಮ್ಮ ಕಡೆಯ ಪದಗಳು ಕಂಪನಿಯ ಹಡಗಿಗಾಗಿ ಕಾದು ಕೂತಿರಲಿಲ್ಲ. ವೈಕಿಂಗರ ಮೊದಲ ಸುಲಿಗೆಗಿಂತ ಅರ್ಧ ಶತಮಾನಕ್ಕೂ ಹಿಂದೆ, 735ರಲ್ಲಿ, ಜ್ಯಾರೋ ಮಠದಲ್ಲಿ ಬೀಡ್ ಎಂಬ ವಿದ್ವಾಂಸ ಸನ್ಯಾಸಿ ಸಾಯುವ ಮುನ್ನ ತನ್ನ ಪೆಟ್ಟಿಗೆಯಲ್ಲಿದ್ದ ಅಮೂಲ್ಯ ವಸ್ತುಗಳನ್ನು ಜೊತೆಯವರಿಗೆ ಹಂಚಿದ. ಒಂದಿಷ್ಟು ಕರವಸ್ತ್ರ, ಧೂಪ, ಮತ್ತು ಮೆಣಸು. ಪಡುವಣ ಕರಾವಳಿಯ ಬಳ್ಳಿಯಲ್ಲಿ ಬಿಡುವ ಕಾಳು, ಉತ್ತರ ಇಂಗ್ಲೆಂಡಿನ ಚಳಿಯಲ್ಲಿ ಒಬ್ಬ ಸನ್ಯಾಸಿಯ ಆಸ್ತಿ! ಅದರ ಹೆಸರು ಸಂಸ್ಕೃತ ಪ್ರಾಕೃತಗಳ ‘ಪಿಪ್ಪಲಿ’. ಗ್ರೀಕ್, ಲ್ಯಾಟಿನ್ ದಾಟಿ ‘ಪೆಪ್ಪರ್’. ಅದೇ ಪಿಪ್ಪಲಿ ಕನ್ನಡದಲ್ಲಿ ಹಿಪ್ಪಲಿ ಆಗಿ ಗಂಧಿಗೆ ಅಂಗಡಿ ಸೇರಿತು. ನಮ್ಮಲ್ಲಿ ಹಿಪ್ಪಲಿ ಬೇರೆ, ಕರಿಮೆಣಸು ಬೇರೆ. ದೂರದವರಿಗೆ ಎರಡೂ ಒಂದೇ ಆಗಿ ಹೋದವು. ಮುಂದೆ ಅಮೆರಿಕದಿಂದ ಇನ್ನೊಂದು ಖಾರ ಬಂದಾಗ ಇಂಗ್ಲಿಷರು ಅದನ್ನೂ ಪೆಪ್ಪರ್ ಎಂದರು. ನಗುವ ಹಾಗಿಲ್ಲ, ನಾವೂ ಅದನ್ನು ಮೆಣಸಿನಕಾಯಿ ಎಂದೇ ಕರೆದೆವು.

ಸಕ್ಕರೆಯ ಪ್ರಯಾಣ ಇದಕ್ಕಿಂತ ದೊಡ್ಡದು. ಸಂಸ್ಕೃತದ ‘ಶರ್ಕರಾ’ ಮೊದಲು ಪಾರಸಿ, ಅರಬ್ಬಿ, ಮಧ್ಯಯುಗದ ಲ್ಯಾಟಿನ್, ಫ್ರೆಂಚ್ ಬಾಯಿಗಳನ್ನು ಹಾದು ‘ಶುಗರ್’ ಆಗಿ ಇಂಗ್ಲೆಂಡು ಸೇರಿತು. ಹದಿನಾರನೆಯ ಶತಮಾನ ಮುಗಿಯುವ ಹೊತ್ತಿಗೆ ಅದೇ ಪದ ಮಲಬಾರಿನಲ್ಲಿ ಪೋರ್ಚುಗೀಸರ ಬಾಯಿಗೆ ಬಿದ್ದು ‘ಜಾಗರ’ವಾಗಿ, ಇಂಗ್ಲಿಷಿಗೆ ‘ಜ್ಯಾಗರಿ’ ಆಗಿ ಬಂತು. ಈ ಸಲ ಅರ್ಥ ಬೆಲ್ಲ. ಮೂರನೆಯ ಸಲ 1879ರಲ್ಲಿ. ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಕಾನ್‌ಸ್ಟಾಂಟಿನ್ ಫಾಲ್ಬರ್ಗ್ ಊಟಕ್ಕೆ ಕೂತಾಗ ತನ್ನ ಕೈಗಂಟಿದ ರಾಸಾಯನಿಕ ವಿಪರೀತ ಸಿಹಿಯಾಗಿರುವುದನ್ನು ಕಂಡ. ಅದಕ್ಕೆ ಗ್ರೀಕ್ ಮತ್ತು ಲ್ಯಾಟಿನ್ನಿನ ಹಳೆಯ ರೂಪದಿಂದ ‘ಸ್ಯಾಕರಿನ್’ ಎಂದು ಹೆಸರಾಯಿತು. ಒಂದೇ ಶರ್ಕರೆ: ಸಕ್ಕರೆಯಾಗಿ, ಬೆಲ್ಲವಾಗಿ, ಕೊನೆಗೆ ಸಕ್ಕರೆಯಲ್ಲದ ಸಿಹಿಯಾಗಿ.

ಪಡುವಣ ಕರಾವಳಿಯ ಪದಗಳಲ್ಲಿ ಹಲವು ಇಂಗ್ಲಿಷಿಗೆ ಹೋದದ್ದು ಹೀಗೆ ಪೋರ್ಚುಗೀಸರ ದಲ್ಲಾಳಿತನದಲ್ಲಿ. ಮ್ಯಾಂಗೋ, ಟೀಕ್, ಬೀಟಲ್, ಅರೀಕ. ಅರೀಕ ಎಂದರೆ ಮಲಯಾಳದ ಅಡಕ್ಕ, ನಮ್ಮ ಅಡಿಕೆ. ತೀರ್ಥಹಳ್ಳಿಯ ತೋಟದವರಿಗೆ ಆ ಹೆಸರಿನಲ್ಲಿ ತಮ್ಮ ಬೆಳೆ ಗುರುತು ಸಿಗಲಿಕ್ಕಿಲ್ಲ.

ಈ ಪದಗಳ ಬೆನ್ನುಹತ್ತಿದ ಇಬ್ಬರಿದ್ದರು: ಸೇನೆಯ ಇಂಜಿನಿಯರಾಗಿದ್ದ ಹೆನ್ರಿ ಯೂಲ್, ಮದ್ರಾಸ್ ಪ್ರಾಂತದ ಅಧಿಕಾರಿ ಆರ್ಥರ್ ಬರ್ನೆಲ್. ಬರ್ನೆಲ್ ನಮ್ಮ ದಕ್ಷಿಣ ಕನ್ನಡದಲ್ಲಿದ್ದವನು. ದಕ್ಷಿಣ ಭಾರತದ ಲಿಪಿಗಳ ಬಗ್ಗೆ ಅವನು ಬರೆದ ಗ್ರಂಥ 1874ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲೇ ಅಚ್ಚಾಯಿತು. ತುಳುನಾಡಿನ ಭೂತಾರಾಧನೆಯ ಬಗ್ಗೆ ಅವನು ಕೂಡಿಸಿದ್ದ ಸಾಮಗ್ರಿ ಸತ್ತಮೇಲೆ ಪ್ರಕಟವಾಯಿತು. ಯೂಲ್ ಮತ್ತು ಬರ್ನೆಲ್ ವರ್ಷಗಟ್ಟಲೆ ಕಾಗದ ಬರೆದುಕೊಂಡು ಪದಗಳನ್ನು ಹೆಕ್ಕಿದರು. ಬರ್ನೆಲ್ 1882ರಲ್ಲಿ ತೀರಿಕೊಂಡ. ನಾಲ್ಕು ವರ್ಷದ ಮೇಲೆ, 1886ರಲ್ಲಿ, ‘ಹಾಬ್ಸನ್ ಜಾಬ್ಸನ್’ ಎಂಬ ವಿಚಿತ್ರ ಹೆಸರಿನ ಕೋಶ ಹೊರಬಂತು. ಮೊಹರಂ ಮೆರವಣಿಗೆಯ ‘ಯಾ ಹಸನ್, ಯಾ ಹುಸೇನ್’ ಕೂಗು ಬಿಳಿಯ ಸಿಪಾಯಿಗಳ ಕಿವಿಗೆ ಹಾಗೆ ಕೇಳಿಸಿತ್ತಂತೆ. ದುಃಖದ ಕೂಗೊಂದು ಇಬ್ಬರು ಇಂಗ್ಲಿಷರ ಹೆಸರಾಗಿ ಕೂತದ್ದನ್ನು ನೋಡಿದರೆ, ಪದಗಳಿಗೆ ದಾರಿಯಲ್ಲಿ ಏನೇನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

‘ಲೂಟ್’ ಕೂಡ ಇಲ್ಲಿಯದೇ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಸಿಂಹಾಸನವನ್ನು ಒಡೆದು ತುಂಡು ತುಂಡಾಗಿ ಹಂಚಿದರು. ಸೇನೆಯ ಕಾಗದಗಳಲ್ಲಿ ಇದರ ಹೆಸರು ‘ಪ್ರೈಜ್’. ಹಂಚುವವರು ‘ಪ್ರೈಜ್ ಏಜೆಂಟರು’. ‘ಹಿಡಿದದ್ದು’ ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದ ಮರ್ಯಾದಸ್ಥ ಮಾತು. ನಮ್ಮ ಬೀದಿಯ ‘ಲೂಟಿ’ ಮುಂದಿನ ಕೆಲವು ದಶಕಗಳಲ್ಲಿ ಇಂಗ್ಲೆಂಡಿನ ಮನೆಮನೆಗೂ ಹೊಕ್ಕಿತು. 1868ರಲ್ಲಿ ವಿಲ್ಕಿ ಕಾಲಿನ್ಸ್ ತನ್ನ ‘ಮೂನ್‌ಸ್ಟೋನ್’ ಪತ್ತೇದಾರಿ ಕಾದಂಬರಿಯನ್ನು ಶುರುಮಾಡುವುದೇ ಶ್ರೀರಂಗಪಟ್ಟಣದ ಆ ದಿನದ ಕಳವಿನಿಂದ. ಈಗ ಇಂಗ್ಲಿಷ್ ಪತ್ರಿಕೆಗಳು ಯಾರ ಲೂಟಿಯನ್ನಾದರೂ ಲೂಟಿಯೆಂದೇ ಬರೆಯುತ್ತವೆ.

ಕಡೆಯದಾಗಿ ಒಂದು ಊರ ಹೆಸರು. 1912ರಲ್ಲಿ ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್ ಉದ್ದನೆಯ ಕೊಳವೆಗಳಲ್ಲಿ ಸಿಡಿಮದ್ದು ತುಂಬಿ ಒಂದಕ್ಕೊಂದು ಜೋಡಿಸುವ ಉಪಾಯ ಕಂಡುಹಿಡಿದ. ಮುಳ್ಳುತಂತಿಯ ಬೇಲಿಯಡಿ ತಳ್ಳಿ ಸಿಡಿಸಿದರೆ ದಾರಿ ತೆರೆಯುತ್ತಿತ್ತು. ಅದಕ್ಕೆ ‘ಬ್ಯಾಂಗಲೋರ್ ಟಾರ್ಪೆಡೊ’ ಎಂಬ ಹೆಸರು ಬಿತ್ತು. ಸೈನಿಕರ ಬಾಯಲ್ಲಿ ಟಾರ್ಪೆಡೊ ಬಿದ್ದುಹೋಗಿ ಬರೀ ‘ಬ್ಯಾಂಗಲೋರ್’ ಉಳಿಯಿತು. 1944ರ ಜೂನ್ 6ರ ಬೆಳಗ್ಗೆ ಅಮೆರಿಕದ ಹುಡುಗರು ಒಮಾಹಾ ಕಡಲತೀರದ ಮರಳಿನಲ್ಲಿ ತೆವಳುತ್ತ ಆ ಕೊಳವೆಗಳನ್ನು ಮುಳ್ಳುತಂತಿಯಡಿ ತಳ್ಳಿದರು. ಆ ತೀರ ಇರುವುದು ನಾರ್ಮಂಡಿಯಲ್ಲಿ.